ಪಾಲು ಹಂಚಿದ ಲೆಕ್ಕ: ಬೇಗಂಪೇಟೆಯ ನಕ್ಷತ್ರಪಟ್ಟಿಯೂ ಅವಳಿ ಅವಿಭಾಜ್ಯಗಳ ಶೋಧವೂ

ಒಬ್ಬನಿಂದ ಒಂದು ಜನ್ಮದಲ್ಲಿ ಮುಗಿಯಲಾರದ ಲೆಕ್ಕವನ್ನು ಹಲವರು ಪಾಲು ಹಂಚಿಕೊಂಡು ಮಾಡುವ ಪದ್ಧತಿಯು ಗಣಕಯಂತ್ರಗಳೊಡನೆ ಹುಟ್ಟಿದುದೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆ ಸಾಧುವಾದುದಲ್ಲ. ಯಂತ್ರಗಳ ಕಾಲಕ್ಕೆ ಬಹಳ ಮೊದಲೇ ಆ ಪದ್ಧತಿಯ ಒಂದು ಮಹಾಪ್ರಯೋಗ ನಡೆದಿತ್ತು. ಅದರ ಭಾರವಾದ ಪಾಲೊಂದನ್ನು ನಮ್ಮ ಹೈದರಾಬಾದು ಹೊತ್ತು ನಿರ್ವಹಿಸಿತು. ಚಾರ್‌ಮಿನಾರನ್ನೂ ಗೋಲ್ಕೊಂಡವನ್ನೂ ಬಲ್ಲ ನಮ್ಮವರಲ್ಲಿ ಬೇಗಂಪೇಟೆಯ ವೇಧಶಾಲೆಯನ್ನು ಬಲ್ಲವರು ವಿರಳ. ಆದುದರಿಂದ ಹೊಸ ಪ್ರಯೋಗವೊಂದನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯದನ್ನು ಇಲ್ಲಿ ವಿವೇಚಿಸಲಾಗಿದೆ.

ಹೊಸದನ್ನು ಮೊದಲು ನೋಡೋಣ. 11 ಮತ್ತು 13, 17 ಮತ್ತು 19, 29 ಮತ್ತು 31 ಹೀಗೆ ಎರಡೇ ಅಂತರದಲ್ಲಿ ನಿಂತ ಅವಿಭಾಜ್ಯ ಸಂಖ್ಯೆಗಳಿಗೆ ಅವಳಿಗಳೆಂದು ಹೆಸರು. ಇಂಥ ಜೋಡಿಗಳಿಗೆ ಕೊನೆಯಿಲ್ಲವೆಂದು ಗಣಿತಜ್ಞರು ನಂಬುತ್ತಾರೆ. ಸಿದ್ಧಪಡಿಸಿ ತೋರಿಸಿದವರು ಇನ್ನೂ ಇಲ್ಲ. ಸಿದ್ಧಾಂತ ನಿಂತಲ್ಲಿ ಶೋಧ ಮುಂದುವರಿದಿದೆ. 2007ರ ಜನವರಿಯಲ್ಲಿ ದೊರೆತ ಜೋಡಿಯನ್ನು ನೋಡಿ: 2ರ 1,95,000ನೆಯ ಘಾತವನ್ನು 2,00,36,63,613ರಿಂದ ಗುಣಿಸಿ, ಬಂದುದರಲ್ಲಿ ಒಂದನ್ನು ಕಳೆದರೆ ಒಂದು ಅವಿಭಾಜ್ಯ, ಒಂದನ್ನು ಕೂಡಿದರೆ ಇನ್ನೊಂದು. ಒಂದೊಂದೂ 58,711 ಅಂಕಗಳದು. ಈ ಗಾತ್ರದ ಸಂಖ್ಯೆಗಳಲ್ಲಿ ಸುಮಾರು 1,35,000ಕ್ಕೆ ಒಂದು ಅವಿಭಾಜ್ಯ. ಜೊತೆಯದೂ ಅವಿಭಾಜ್ಯವಾಗಬೇಕೆಂದರೆ ಆ ವಿರಳತೆ ಮತ್ತೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಒಂದು ಯಂತ್ರ ಇದನ್ನು ಹುಡುಕುವುದು ಒಬ್ಬನೇ ಕೆರೆಯ ನೀರನ್ನು ಚೊಂಬಿನಿಂದ ಬರಿದುಮಾಡಿದಂತೆ. ಆದಕಾರಣ ಅನೇಕ ದೇಶಗಳ ಸ್ವಯಂಸೇವಕರು ತಮ್ಮ ಮನೆಯ ಗಣಕಯಂತ್ರಗಳ ಬಿಡುವಿನ ವೇಳೆಯನ್ನು ದಾನಮಾಡಿದರು. ಘಾತವನ್ನು ಸ್ಥಿರವಾಗಿಟ್ಟು, ಗುಣಕದ ಸರಣಿಯನ್ನು ತುಂಡುತುಂಡಾಗಿ ವಿಭಾಗಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಒಪ್ಪಿಸಲಾಯಿತು. ಚಿಕ್ಕ ಅವಿಭಾಜ್ಯಗಳಿಂದ ಭಾಗವಾಗುವವನ್ನು ಮೊದಲು ಜರಡಿ ಹಿಡಿದು ತೆಗೆದು, ಉಳಿದವನ್ನು ಮಾತ್ರ ಪರೀಕ್ಷೆಗೆ ಒಡ್ಡಿದರು. ಜೋಡಿಯಲ್ಲಿ ಒಂದು ತೇರ್ಗಡೆಯಾದರೆ ಮಾತ್ರ ಎರಡನೆಯದಕ್ಕೆ ಪರೀಕ್ಷೆ. ಅವಳಿಗಳ ಶೋಧಕ್ಕೆಂದೇ ಏರ್ಪಟ್ಟಿದ್ದ ಒಂದು ಕೂಟವೂ, ಲಿಥುವೇನಿಯದ ತರುಣನೊಬ್ಬನು 2005ರಲ್ಲಿ ಆರಂಭಿಸಿದ ಪ್ರೈಮ್‌ಗ್ರಿಡ್ ಎಂಬ ಕೂಟವೂ ಸೇರಿ ನಡೆಸಿದ ಈ ಕಾರ್ಯದಲ್ಲಿ ಫಲ ದೊರೆತದ್ದು ಫ್ರಾನ್ಸಿನ ಎರಿಕ್ ವೊತಿಯೆಯ ಯಂತ್ರಕ್ಕೆ.

ಇನ್ನು ಹಳೆಯ ಪ್ರಯೋಗಕ್ಕೆ ಬರೋಣ. 1887ರ ಏಪ್ರಿಲಿನಲ್ಲಿ ಪ್ಯಾರಿಸ್ ವೇಧಶಾಲೆಯ ಅಧಿಪತಿಯಾಗಿದ್ದ ಅಡ್ಮಿರಲ್ ಮೂಶೆ ನಾನಾ ದೇಶಗಳ ಐವತ್ತಕ್ಕೂ ಮೀರಿದ ವಿದ್ವಾಂಸರನ್ನು ಸಭೆ ಸೇರಿಸಿದನು. ಆಕಾಶವನ್ನೆಲ್ಲ ಛಾಯಾಚಿತ್ರದ ಗಾಜಿನ ಫಲಕಗಳ ಮೇಲೆ ಹಿಡಿದು, ಹನ್ನೊಂದನೆಯ ದರ್ಜೆಯವರೆಗಿನ ಪ್ರತಿಯೊಂದು ನಕ್ಷತ್ರದ ಸ್ಥಾನವನ್ನೂ ಅಳೆದು ಪಟ್ಟಿಮಾಡಬೇಕೆಂಬುದು ನಿರ್ಣಯ. ಭೂಮಿಯನ್ನು ಅಕ್ಷಾಂಶಗಳಿಂದ ವಿಭಾಗಿಸುವಂತೆ ಆಕಾಶವನ್ನೂ ಪಟ್ಟೆಗಳಾಗಿ ಸೀಳಿ, ಹದಿನೆಂಟು ವೇಧಶಾಲೆಗಳಿಗೆ ಹಂಚಿದರು. ಫಲಕದ ಮೇಲಿನ ಒಂದು ಮಿಲಿಮೀಟರು ಆಕಾಶದಲ್ಲಿ ಒಂದು ಕಲೆಗೆ, ಎಂದರೆ ಅಂಶದ ಅರವತ್ತನೆಯ ಪಾಲಿಗೆ, ಸಮನಾಗಿರಬೇಕೆಂದು ಕಟ್ಟಳೆ ಮಾಡಿದರು. ಕಟ್ಟಳೆ ಮಾಡಬಹುದಾಗಿತ್ತು, ಅಪ್ಪಣೆ ಮಾಡುವಂತಿರಲಿಲ್ಲ. ಪ್ರತಿಯೊಂದು ವೇಧಶಾಲೆಯೂ ತನ್ನ ತನ್ನ ಸರಕಾರದ ಹಣದಿಂದ, ತನ್ನ ಸಮ್ಮತಿಯಿಂದ ದುಡಿಯಬೇಕಾಗಿತ್ತು. ಅಳತೆಗಾರರು ಸಂಬಳದವರಾದರೂ ಸಂಸ್ಥೆಗಳು ಸ್ವಯಂಸೇವಕರೇ ಎಂದು ನಾವು ಹೇಳಬಹುದು.

ದಕ್ಷಿಣದ 17ನೆಯ ಅಂಶದಿಂದ 23ನೆಯ ಅಂಶದವರೆಗಿನ ಪಟ್ಟೆ ಚಿಲಿ ದೇಶದ ಸಾಂಟಿಯಾಗೋ ನಗರಕ್ಕೆ ಸಂದಿತ್ತು. ಆ ಕೆಲಸ ಅಲ್ಲಿ ನೆರವೇರಲಿಲ್ಲ. ರಿಯೋ ಮತ್ತು ಲಾಪ್ಲಾಟಾ ನಗರಗಳ ಪಾಲುಗಳಿಗೂ ಅದೇ ಗತಿಯಾಗಿ, ಅವು ಪರ್ತ್ ಮತ್ತು ಕಾರ್ಡೋಬಾಗಳಿಗೆ ಹೋದವು. ಸಾಂಟಿಯಾಗೋದ ಪಾಲು ಕಡೆಗೆ ಬಂದದ್ದು ಹೈದರಾಬಾದಿಗೆ.

ಇದನ್ನು ವಹಿಸಿಕೊಂಡ ಸಂಸ್ಥೆಯ ಹುಟ್ಟು ವಿಚಿತ್ರವಾದುದು. ನವಾಬ ಜಫರ್ ಜಂಗ್ ಎಂಬ ಶ್ರೀಮಂತ 1901ರಲ್ಲಿ ಇಂಗ್ಲೆಂಡಿನಿಂದ ಹದಿನೈದು ಅಂಗುಲದ ಗ್ರಬ್ ದೂರದರ್ಶಕವನ್ನು ತರಿಸಿ ಫಿಸಲ್‌ಬಂಡಾದ ತನ್ನ ಜಾಗದಲ್ಲಿ ಸ್ಥಾಪಿಸಿದನು. ಆತನ ಮರಣಾನಂತರ, ಮೂಸಿ ನದಿಯ ಮಹಾಪ್ರವಾಹ ಬಂದ 1908ರಲ್ಲಿಯೇ, ನಿಜಾಮ ಸರಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮೊದಲನೆಯ ನಿರ್ದೇಶಕ ಚಾಟ್‌ವುಡ್ ಬೇಗಂಪೇಟೆಯಲ್ಲಿ ಹೊಸ ನೆಲೆಯನ್ನು ಸಿದ್ಧಪಡಿಸಿದನು. 1914ರಲ್ಲಿ ಆಕ್ಸ್‌ಫರ್ಡಿನಿಂದ ಬಂದ ಪೋಕಾಕ್, ಎಂಟು ಅಂಗುಲದ ಕುಕ್ ಛಾಯಾದೂರದರ್ಶಕದಿಂದ ಕೆಲಸವನ್ನು ಹದಕ್ಕೆ ತಂದು, 1918ರಲ್ಲಿ ತೀರಿಕೊಂಡನು. ಆ ಬಳಿಕ ಟಿ. ಪಿ. ಭಾಸ್ಕರನ್ ಇಪ್ಪತ್ತಾರು ವರ್ಷ ಅದನ್ನು ನಡೆಸಿದರು. 1919ರಲ್ಲಿ ವೇಧಶಾಲೆ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಖರ್ಚೆಲ್ಲ ರಾಜ್ಯದ ಬೊಕ್ಕಸದ್ದು. ಆ ಬೊಕ್ಕಸಕ್ಕೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಒಕ್ಕಲಿನ ಕಂದಾಯವೂ ಹೋಗುತ್ತಿತ್ತೆಂಬುದನ್ನು ಕನ್ನಡಿಗರು ಮರೆಯಬೇಕಾಗಿಲ್ಲ.

ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಐದು ಮಿಲಿಮೀಟರು ಅಂತರದ ಗೆರೆಗಳ ಜಾಲವೊಂದನ್ನು ಮೊದಲೇ ಫಲಕದ ಮೇಲೆ ಮೂಡಿಸುತ್ತಿದ್ದರು. ರಾತ್ರಿ ನಕ್ಷತ್ರಗಳ ಬೆಳಕಿಗೆ ಅದನ್ನು ಒಡ್ಡುತ್ತಿದ್ದರು. ತೊಳೆದು ಒಣಗಿಸಿದ ಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು, ಒಂದೊಂದು ಚುಕ್ಕೆ ಗೆರೆಗಳಿಂದ ಎಷ್ಟು ದೂರವೆಂದು ಎರಡು ದಿಕ್ಕುಗಳಲ್ಲಿಯೂ ಅಳೆದು ಬರೆಯುತ್ತಿದ್ದರು. ಅಂಥ ಒಂದು ಫಲಕದ ಮೇಲೆ ನೂರಾರು ಚುಕ್ಕೆಗಳು. ಏಳು ಲಕ್ಷಕ್ಕೂ ಮೀರಿದ ನಕ್ಷತ್ರಗಳು ಹೀಗೆ ಬೇಗಂಪೇಟೆಯಲ್ಲಿ ಎಣಿಕೆಗೆ ಬಂದವು. ದಕ್ಷಿಣದ ಪಟ್ಟೆಯಷ್ಟೇ ಅಲ್ಲ, ಜರ್ಮನಿಯ ಪಾಟ್ಸ್‌ಡ್ಯಾಮ್ ಮುಗಿಸದೆ ಬಿಟ್ಟ ಪಟ್ಟೆಯಲ್ಲಿಯೂ ಉತ್ತರದ 36ರಿಂದ 39 ಅಂಶಗಳ ಭಾಗವನ್ನು ಹೈದರಾಬಾದು ಎತ್ತಿಕೊಂಡಿತು.

ಇಲ್ಲಿಯೇ ಎರಡು ಪ್ರಯೋಗಗಳ ಹೋಲಿಕೆ ಪ್ರಯೋಜನಕಾರಿ. ನಮ್ಮ ಅಭಿಪ್ರಾಯದಲ್ಲಿ ಪಾಲು ಹಂಚಿದ ಲೆಕ್ಕದಲ್ಲಿ ಕಷ್ಟವಾದುದು ಲೆಕ್ಕವಲ್ಲ. ಬಿಟ್ಟುಹೋದ ಪಾಲಿನ ಗತಿಯೇನು ಎಂಬ ಪ್ರಶ್ನೆ. ಸಂಖ್ಯೆಯ ಶೋಧದಲ್ಲಿ ಪ್ರತಿ ತುಂಡಿಗೂ ವಾಯಿದೆಯುಂಟು; ವಾಯಿದೆ ಮೀರಿದರೆ ತುಂಡು ತಾನಾಗಿ ಬೇರೊಬ್ಬನ ಯಂತ್ರಕ್ಕೆ ಹೋಗುತ್ತದೆ. ಕೆಲವು ದಿವಸಗಳಲ್ಲಿ ತೀರುವ ಈ ವ್ಯವಹಾರ ಪ್ಯಾರಿಸ್ಸಿನವರಿಗೆ ದಶಕಗಳನ್ನು ತೆಗೆದುಕೊಂಡಿತು. ವಾಯಿದೆಯಿಲ್ಲದ ಒಪ್ಪಂದವಾದುದರಿಂದ ಪಟ್ಟಿಯ ಪ್ರಕಟಣೆ 1964ರವರೆಗೆ ಎಳೆಯಿತು. ನಡುವೆ ಎರಡು ಮಹಾಯುದ್ಧಗಳೂ ಬಂದವೆನ್ನುವುದು ನಿಜ. ಆದರೆ ಸಾಂಟಿಯಾಗೋ ಹಿಂದುಳಿದದ್ದು ಯುದ್ಧಕ್ಕೆ ಮೊದಲೇ. ಅನ್ಯರು ಕೈಬಿಟ್ಟ ಎರಡು ಪಾಲುಗಳನ್ನು ಎತ್ತಿ ಮುಗಿಸಿದ್ದೇ ಹೈದರಾಬಾದಿನ ನಿಜವಾದ ಹಿರಿಮೆ. ತಾನೇ ಆರಿಸಿಕೊಂಡ ಕೆಲಸದ ಕೀರ್ತಿಗಿಂತ ಇದು ಕಡಮೆಯದಲ್ಲ.

ಪರಿಶೋಧನೆಯ ವಿಷಯದಲ್ಲಾದರೋ ಹಳಬರು ಹೊಸಬರಿಗೆ ಸೋತವರಲ್ಲ. ಒಂದು ಫಲಕದ ಮೂಲೆ ಇನ್ನೊಂದರ ನಡುವಿಗೆ ಬರುವಂತೆ ಜೋಡಿಸಿದ್ದರಿಂದ ಪ್ರತಿ ನಕ್ಷತ್ರವೂ ಕಡಮೆಯೆಂದರೆ ಎರಡು ಫಲಕಗಳಲ್ಲಿ ಸಾಕ್ಷಿ ಹೇಳುತ್ತಿತ್ತು. ಯಂತ್ರದ ಮಾತನ್ನೂ ಒಂದೇ ಸಾಕ್ಷಿಯ ಮೇಲೆ ನಂಬಬಾರದೆಂಬುದಕ್ಕೆ ಅವಳಿ ಅವಿಭಾಜ್ಯಗಳೇ ನಿದರ್ಶನ ಒದಗಿಸಿವೆ. 1919ರಲ್ಲಿ ನಾರ್ವೆಯ ವಿಗೋ ಬ್ರೂನ್, ಅವಳಿಗಳ ವ್ಯುತ್ಕ್ರಮಗಳನ್ನೆಲ್ಲ ಕೂಡಿದರೆ ಮೊತ್ತ ಒಂದು ಮಿತಿಯೊಳಗೇ ನಿಲ್ಲುತ್ತದೆಂದು ಸಾಧಿಸಿದ್ದನು. ಆ ಮೊತ್ತವನ್ನು ಗಣಿಸುತ್ತಿದ್ದ ಅಮೆರಿಕದ ಥಾಮಸ್ ನೈಸ್ಲಿ, 1994ರಲ್ಲಿ, 824633702441 ಮತ್ತು 824633702443 ಎಂಬ ಜೋಡಿಯ ಬಳಿ ಎರಡು ಯಂತ್ರಗಳ ಉತ್ತರ ಬೇರೆಯಾದುದನ್ನು ಕಂಡನು. ದೋಷವಿದ್ದುದು ಆತನ ಗಣಿತದಲ್ಲಲ್ಲ, ಪೆಂಟಿಯಂ ಯಂತ್ರದ ಭಾಗಾಕಾರದಲ್ಲಿ! ಇಂಟೆಲ್ ಸಂಸ್ಥೆ ಆ ಯಂತ್ರಭಾಗಗಳನ್ನು ಬದಲಾಯಿಸಿಕೊಡಬೇಕಾಯಿತು.

ಹೆಸರಿನ ವಿಚಾರದಲ್ಲಿ ಮಾತ್ರ ಹೊಸಬರು ಹೆಚ್ಚು ಉದಾರಿಗಳು. ದೊಡ್ಡ ಅವಿಭಾಜ್ಯಗಳ ದಾಖಲೆಯಲ್ಲಿ ಕಂಡುಹಿಡಿದವನ ಹೆಸರಿನೊಡನೆ ಜರಡಿಯ ಕ್ರಮವಿಧಿಗೂ ಪರೀಕ್ಷೆಯ ಕ್ರಮವಿಧಿಗೂ ಕೂಟಕ್ಕೂ ಸ್ಥಾನವುಂಟು. ಅಲ್ಲಿಯೂ, ತಮ್ಮ ತುಂಡಿನಲ್ಲಿ ಏನೂ ಸಿಗದೆ ಹೋದ ಸಹಸ್ರಾರು ಜನರಿಗೆ ಆ ಸಾಲಿನಲ್ಲಿ ಎಡೆಯಿಲ್ಲ. ಅವರು ಬರಿದೆಂದು ತೋರಿಸದಿದ್ದರೆ ಶೋಧ ಮುಂದೆ ಸಾಗುತ್ತಿರಲಿಲ್ಲ. ಬೇಗಂಪೇಟೆಯ ಕತೆ ಹೇಳುವವರು ನಿರ್ದೇಶಕರ ಹೆಸರಿಗೆ ನಿಲ್ಲುತ್ತಾರೆ. ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಲಕ್ಷಾಂತರ ಚುಕ್ಕೆಗಳನ್ನು ಅಳೆದ ಸಹಾಯಕರನ್ನು ಸಂಬಳದ ಕಡತಗಳಿಂದ ಹುಡುಕಿ ತೆಗೆಯುವ ಕೆಲಸ ನಮ್ಮ ನಗರದ ಸಂಶೋಧಕರಿಗೆ ಸೇರಿದ್ದು.

ಅವರ ಅಳತೆಗಳು ವ್ಯರ್ಥವಾಗಲಿಲ್ಲ. ಅಮೆರಿಕದ ನೌಕಾ ವೇಧಶಾಲೆಯವರು ಎಲ್ಲ ಪಟ್ಟೆಗಳ ಸಂಪುಟಗಳನ್ನೂ ಗಣಕಯಂತ್ರಕ್ಕೆ ಏರಿಸಿ ಒಂದೇ ಪಟ್ಟಿಯಾಗಿ ಹೊಂದಿಸಿದರು. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹ ಅಳೆದ ಸ್ಥಾನಗಳನ್ನು ಆ ಹಳೆಯ ಸ್ಥಾನಗಳೊಡನೆ ಹೋಲಿಸಿ, ನಡುವಿನ ಕಾಲದಲ್ಲಿ ಒಂದೊಂದು ನಕ್ಷತ್ರ ಎಷ್ಟು ಸರಿದಿದೆಯೆಂದು ಗಣಿಸಲಾಯಿತು. 2000ದಲ್ಲಿ ಪ್ರಕಟವಾದ ಟೈಕೋ-2 ಪಟ್ಟಿಯಲ್ಲಿ ಹೀಗೆ ಚಲನೆ ತಿಳಿದ ನಕ್ಷತ್ರಗಳು ಸುಮಾರು 25 ಲಕ್ಷ. ಬೇಗಂಪೇಟೆಯ ಫಲಕಗಳ ಮೇಲಿನ ಚುಕ್ಕೆಗಳೂ ಅವುಗಳಲ್ಲಿ ಸೇರಿವೆ.