ಮರದೊಳಗಣ ನೀರು

ಹೊರನಾಡಿಗೆ ಹೊರಟ ಕನ್ನಡಿಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿಯೊಡನೆ ಮರದ ಕೆತ್ತನೆಯೊಂದು ಇರುವುದು ವಾಡಿಕೆ. ಸಾಗರದ ಗಣಪತಿ, ಚನ್ನಪಟ್ಟಣದ ಬೊಂಬೆ, ಅನುಕೂಲಸ್ಥರಾದರೆ ತೇಗದ ದೇವರ ಮಂಟಪ. ದುಬೈ ನಗರದಂಚಿನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಚೀನಾ, ಪರ್ಷಿಯಾ, ರಷ್ಯಾ ಎಂದು ದೇಶಗಳ ಹೆಸರು ಹೊತ್ತ ಕಟ್ಟಡಗಳ ನಡುವೆ ವಾಸಿಸುವ ನಮ್ಮವರ ಮನೆಗಳಲ್ಲಿ ಇವನ್ನು ನಾನು ಧಾರಾಳವಾಗಿ ಕಂಡಿದ್ದೇನೆ. ಅವುಗಳ ಮೈಮೇಲಿನ ಬಿರುಕುಗಳನ್ನೂ ಕಂಡಿದ್ದೇನೆ. ನಮ್ಮ ಮನೆಯ ಮಂಟಪದ ಹಿಂಬದಿಯ ಹಲಗೆ ವರ್ಷ ತುಂಬುವ ಮೊದಲೇ ಉದ್ದಕ್ಕೆ ಸೀಳಿದಾಗ ಅಪಶಕುನವೆಂದವರುಂಟು, ಮರವೇ ಕಳಪೆಯೆಂದವರುಂಟು. ಎರಡೂ ಅಲ್ಲವೆಂದು ನನ್ನ ಎಣಿಕೆ. ಇದು ನೀರಿನ ವ್ಯವಹಾರ. ಇದಕ್ಕೆ ದೀರ್ಘವಾದ ಇತಿಹಾಸವಿದೆ.

ಕಡಿದ ಹಸಿಮರದಲ್ಲಿ ನೀರು ಎರಡು ಬಗೆಯಾಗಿ ಇರುತ್ತದೆ. ಕೋಶಗಳ ಪೊಳ್ಳಿನಲ್ಲಿ ತುಂಬಿದ ನೀರು ಮೊದಲು ಹೋಗುತ್ತದೆ; ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಒಣಮರದ ತೂಕಕ್ಕೆ ಹೋಲಿಸಿ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿದ ಮೇಲೆ ಕೋಶಗಳ ಗೋಡೆಯೊಳಗಿನ ನೀರು ಹೊರಡಲಾರಂಭಿಸುತ್ತದೆ. ಕುಗ್ಗುವಿಕೆಗೆ ಅಲ್ಲಿಂದ ಮೊದಲು. ವಾರ್ಷಿಕ ಬಳೆಗಳ ಗುಂಟ ಮರ ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಈ ಅಸಮತೆಯಿಂದಲೇ ತಿರುಳನ್ನು ಒಳಗಿಟ್ಟುಕೊಂಡ ಇಡೀ ದಿಮ್ಮಿ ಒಣಗುವಾಗ ಸೀಳದೆ ಉಳಿಯುವುದು ಅಪರೂಪ.

ಈ ವಿಜ್ಞಾನದ ಭಾಷೆ ಹೊಸದಾದರೂ ಅನುಭವ ಹಳೆಯದು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಮರವನ್ನು ಆರಿಸಲು ಕಾಡಿಗೆ ಹೋಗುವ ವಿಧಿಯನ್ನು ಒಂದು ಅಧ್ಯಾಯವಾಗಿಯೇ ಹೇಳಿದ್ದಾನೆ. ಸಿಡಿಲು ಬಡಿದ, ಬೆಂಕಿಗೆ ಸಿಕ್ಕಿದ, ನಿಂತಲ್ಲೇ ಒಣಗಿದ ಮರಗಳು ಅಲ್ಲಿ ವರ್ಜ್ಯ. ತಾನಾಗಿ ಸತ್ತ ಮರದೊಳಗೆ ಹುಳುವೂ ಸೀಳೂ ಆಗಲೇ ಮನೆ ಮಾಡಿರಬಹುದಷ್ಟೆ? ತುಳುನಾಡಿನ ದೇವಾಲಯಗಳಲ್ಲಿ ಧ್ವಜಸ್ತಂಭದ ಮರವನ್ನು ತಿಂಗಳುಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿಡುವ ತೈಲಾಧಿವಾಸವನ್ನು ಭಕ್ತಿಯ ಕಣ್ಣಿನಿಂದ ನೋಡುವವರು ಬಹಳ. ಬಡಗಿಯ ಕಣ್ಣಿನಿಂದಲೂ ಅದನ್ನೊಮ್ಮೆ ನೋಡಬೇಕು.

ನಾನಿರುವ ಈ ಕೊಲ್ಲಿಯ ನಾಡಿಗೂ ನಮ್ಮ ಕರಾವಳಿಗೂ ಮರವೇ ಮೊದಲ ನಂಟು. ತೇಗಕ್ಕೆ ಅರಬ್ಬಿಯಲ್ಲಿ ಸಾಜ್ ಎನ್ನುತ್ತಾರೆ; ಸಂಸ್ಕೃತದ ಶಾಕ, ನಮ್ಮ ಸಾಗುವಾನಿ ಎಲ್ಲವೂ ಒಂದೇ ಬಳ್ಳಿಯವು. ಪರ್ಷಿಯನ್ ಕೊಲ್ಲಿಯ ಸಿರಾಫ್ ಬಂದರಿನ ಮನೆಗಳು ತೇಗದಿಂದಲೂ ಆಫ್ರಿಕಾದ ಮರದಿಂದಲೂ ಕಟ್ಟಿದವೆಂದು 10ನೆಯ ಶತಮಾನದ ಭೂಗೋಳಜ್ಞ ಇಸ್ತಖ್ರಿ ಬರೆದಿದ್ದಾನೆ. ದುಬೈಯ ಅಲ್ ಫಾಹಿದಿಯ ಹಳೆಯ ಮನೆಗಳ ಮಾಳಿಗೆಗೆ ಹಾಕಿದ ಆಫ್ರಿಕಾದ ಕಾಂಡ್ಲಾ ಮರದ ತೊಲೆಗಳಿಗೆ ಇಲ್ಲಿ ಚಂದಲ್ ಎಂದು ಹೆಸರು. (ನಮ್ಮ ಚಂದನಕ್ಕೂ ಆ ಮರಕ್ಕೂ ಸಂಬಂಧವಿಲ್ಲ.) ಆದರೆ ಹಡಗಿಗೆ ಬೇಕಾದುದು ಪಶ್ಚಿಮಘಟ್ಟದ ತೇಗವೇ. ಉಪ್ಪುನೀರಿಗೂ ಬಿಸಿಲಿಗೂ ಬಗ್ಗದ ಅದರ ಗುಣಕ್ಕೆ ಮೈಯೊಳಗಿನ ಎಣ್ಣೆಯೊಂದು ಕಾರಣ, ಕಡಮೆ ಕುಗ್ಗುವಿಕೆ ಇನ್ನೊಂದು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದಕಾರಣ ಬರ್ಮಾದ ಕಾಡುಗಳಲ್ಲಿ ಕಾಂಡದ ಸುತ್ತ ಕಚ್ಚು ಹಾಕಿ, ಮರವನ್ನು ನಿಂತಲ್ಲೇ ಎರಡು ಮೂರು ವರ್ಷ ಒಣಗಿಸಿ, ಹಗುರಾದ ಮೇಲೆ ನದಿಯಲ್ಲಿ ತೇಲಿಬಿಡುತ್ತಿದ್ದರು.

ಕೆತ್ತನೆಯ ಮಾತು ಬಂದರೆ ನಮಗೆ ಸಾಗರ, ಸೊರಬ, ಶಿರಸಿ, ಕುಮಟೆಗಳ ಗುಡಿಗಾರರೇ ಮೊದಲು ನೆನಪಾಗುತ್ತಾರೆ. ಲೂಯಿಸ್ ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಸೊರಬದ ಇವರ ಕೆಲಸವನ್ನು ವಿವರವಾಗಿ ದಾಖಲಿಸಿದ್ದಾರೆ. ಗಂಧದ ಚೇಗು ನಯವಾದ ಎಳೆಯ, ಎಣ್ಣೆ ತುಂಬಿದ, ನಿಧಾನಕ್ಕೆ ಒಣಗುವ ಮರ; ಹೊರಗಿನ ಬಿಳಿಭಾಗವನ್ನು ಕೆತ್ತಿ ತೆಗೆದು ನೆರಳಿನಲ್ಲಿ ಕಾಯಿಸಬೇಕು. ಗಟ್ಟಿಮರಕ್ಕೆ ದಪ್ಪದ ಅಂಗುಲಕ್ಕೊಂದು ವರ್ಷವೆಂಬುದು ಬಡಗಿಗಳ ಲೆಕ್ಕ. ಹಾಗಾದರೆ ನಾಲ್ಕಂಗುಲದ ತುಂಡಿಗೆ ನಾಲ್ಕು ವರ್ಷ ಹಣ ಕಟ್ಟಿ ಕೂರುವ ಶಕ್ತಿ ಯಾರಿಗಿದೆ? ಪ್ರಶ್ನೆಯ ಮರ್ಮ ಇಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಬಳಿಕ ಅದು ಸರ್ಕಾರದ ಸ್ವತ್ತಾಗಿಯೇ ಉಳಿಯಿತು. ಬೆಳೆದ ಜಮೀನಿನವನಿಗೆ ಮರದ ಒಡೆತನ ಬಂದದ್ದು 2001ರ ತಿದ್ದುಪಡಿಯಿಂದ. ಕೊಟ್ಟಷ್ಟನ್ನು, ಕೊಟ್ಟಾಗ ಕೊಳ್ಳಬೇಕಾದ ಕುಶಲಕರ್ಮಿಗೆ ಅಟ್ಟದ ಮೇಲೆ ಮರ ಮಾಗಿಸುವ ಭಾಗ್ಯವೆಲ್ಲಿಯದು? ಗಂಧ ದುರ್ಲಭವಾದಾಗ ಅವರು ಶಿವನೆ ಮರಕ್ಕೆ ಕೈಹಾಕಿದರು. ಅಗ್ಗವೆಂಬುದಷ್ಟೇ ಕಾರಣವಲ್ಲ, ಅದು ಕುಗ್ಗುವುದೂ ಕಡಮೆ.

ಚನ್ನಪಟ್ಟಣದಲ್ಲಿ ಹಾಲೆಮರದ ಕಥೆ ಬೇರೆ. ತುಂಡುಗಳು ಸಣ್ಣವಾದ್ದರಿಂದ ಬೇಗ ಒಣಗುತ್ತವೆ. ಆದರೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿದಾಗ ಉಜ್ಜಿದ ಕಾವಿಗೆ ಅದು ಕರಗಿ ಹಿಡಿಯಬೇಕಾದರೆ ಮರದಲ್ಲಿ ಹಸಿ ಇರಕೂಡದು.

ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಅರಣ್ಯ ಸಂಶೋಧನಾ ಪ್ರಯೋಗಶಾಲೆ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಕಾವುಗೂಡಿನಲ್ಲಿಟ್ಟರೆ ವರ್ಷಗಳ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಆದರೂ ಗೂಡಿನಿಂದ ಬಂದ ಮರವೂ ಕೊನೆಗೆ ತಾನಿರುವ ಗಾಳಿಯ ತೇವಕ್ಕೆ ಹೊಂದಿಕೊಳ್ಳಲೇಬೇಕು. ಮಳೆಗಾಲದ ಕುಮಟೆಯಲ್ಲಿ ಅದರ ತೇವಾಂಶ ಶೇಕಡಾ 17-18ಕ್ಕೆ ನಿಲ್ಲುತ್ತದೆ. ಹವಾನಿಯಂತ್ರಿತ ದುಬೈ ಮನೆಯಲ್ಲಿ 8-9ಕ್ಕೆ. ಈ ಅಂತರಕ್ಕೆ ಬಳೆಗಳ ಗುಂಟ ಕೊಯ್ದ ಒಂದಡಿ ಅಗಲದ ತೇಗದ ಹಲಗೆ ಸುಮಾರು 5 ಮಿಲಿಮೀಟರ್ ಕುಗ್ಗುತ್ತದೆ. ನಾಲ್ಕು ಕಡೆಯಿಂದ ಅಂಟಿಸಿ ಮೊಳೆ ಹೊಡೆದ ಹಲಗೆ ಸೀಳದೆ ಇನ್ನೇನು ಮಾಡೀತು? ಬೇಸಿಗೆಯ ರಜೆಗೆ ಊರಿಗೆ ಹೋಗುವ ನಾವು ಹವಾನಿಯಂತ್ರಕವನ್ನು ಆರಿಸಿ ಹೋಗುತ್ತೇವೆ. ಮುಚ್ಚಿದ ಮನೆಯಲ್ಲಿ ಕಡಲ ತೇವ ಕುಡಿದು ಉಬ್ಬಿದ ಮರ ನಾವು ಮರಳಿದ ಮೇಲೆ ಮತ್ತೆ ಕುಗ್ಗುತ್ತದೆ.

ಹಿಂದಿನವರು ಈ ಚಲನೆಗೆ ಎಡೆಗೊಟ್ಟು ಕಟ್ಟುತ್ತಿದ್ದರು. ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲಿ ಕೆತ್ತನೆಯ ಹಲಗೆ ಚೌಕಟ್ಟಿನ ಗಾಡಿಯೊಳಗೆ ಸಡಿಲವಾಗಿ ಕೂತಿರುತ್ತದೆ. ಜಪಾನಿನ ಶಿಲ್ಪಿ ಜೋಚೋ 1053ರಲ್ಲಿ ಬ್ಯೋದೋಯಿನ್ ಮಂದಿರಕ್ಕೆ ಮಾಡಿದ ಅಮಿದ ಬುದ್ಧನು ಅನೇಕ ತುಂಡುಗಳ ಜೋಡಣೆ, ಒಳಗೆಲ್ಲ ಟೊಳ್ಳು. ತೆಳುವಾದ ಮರ ಸಮನಾಗಿ ಒಣಗುತ್ತದೆ.

ಊರಿನಿಂದ ಕೆತ್ತನೆಯನ್ನು ತರಿಸುವ ಬಂಧುಗಳು ಮರ ಎಷ್ಟು ಕಾಲ ಒಣಗಿದೆಯೆಂದು ಕೇಳಲಿ, ಕಾದದ್ದಕ್ಕೆ ಬೆಲೆಯನ್ನೂ ಕೊಡಲಿ. ಮನೆಗೆ ತಂದ ಮೇಲೆ ಬಟ್ಟೆಯಲ್ಲಿ ಸುತ್ತಿ, ತಣ್ಣನೆಯ ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿಟ್ಟು, ಚಿಕ್ಕದಾದರೆ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಬಹುದು. ತೂಕ ಇಳಿಯುವುದು ನಿಂತ ವಾರ ಬಟ್ಟೆಯನ್ನು ಬಿಚ್ಚಬಹುದು.