ನಿರ್ಲಕ್ಷ್ಯವೋ, ಅರಿವೋ: ಎರಡು ಕಲಮುಗಳ ನಡುವೆ ಸತ್ತವರ ಮನೆಯವರು

ಮುಂಬೈಯ ಬಾಂದ್ರಾದಲ್ಲಿ ಸಮುದ್ರದ ದಂಡೆಗೆ ಹೊಂದಿಕೊಂಡಂತೆ ಕಾರ್ಟರ್ ರೋಡ್ ಇದೆ. 2006ರ ನವೆಂಬರ್ 12ರಂದು, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಅಲ್ಲಿನ ಫುಟ್‌ಪಾತಿನ ಮೇಲೆ ಕಾಮಗಾರಿಯ ಕೂಲಿಕಾರರು ಮಲಗಿದ್ದರು. ವೇಗವಾಗಿ ಬಂದ ಕಾರೊಂದು ಅವರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಕಾರು ಓಡಿಸುತ್ತಿದ್ದ ಯುವಕನ ರಕ್ತದಲ್ಲಿ 100 ಮಿಲಿಲೀಟರಿಗೆ 112 ಮಿಲಿಗ್ರಾಂ ಮದ್ಯಸಾರವಿತ್ತು. ಕಾಯಿದೆ ಒಪ್ಪುವ ಮಿತಿ 30.

ಐದು ತಿಂಗಳಲ್ಲೇ, 2007ರ ಏಪ್ರಿಲ್‌ನಲ್ಲಿ, ಸೆಷನ್ಸ್ ನ್ಯಾಯಾಲಯ ತೀರ್ಪು ಕೊಟ್ಟಿತು: ಆರು ತಿಂಗಳ ಸಾದಾ ಸಜೆ, 5 ಲಕ್ಷ ರೂಪಾಯಿ ದಂಡ. ಏಳು ಸಾವಿಗೆ ಆರು ತಿಂಗಳು ಎಂಬ ಲೆಕ್ಕ ಕೇಳಿ ಮುಂಬೈ ಸಿಡಿದೆದ್ದಿತು. ಆದರೆ ನ್ಯಾಯಾಧೀಶರು ಆ ಲೆಕ್ಕವನ್ನು ಎಲ್ಲಿಂದಲೋ ತಂದಿರಲಿಲ್ಲ. ಅದು ಕಾಯಿದೆಯ ಪುಸ್ತಕದಲ್ಲೇ ಇತ್ತು.

1860ರ ಭಾರತೀಯ ದಂಡ ಸಂಹಿತೆಗೆ ಹತ್ತು ವರ್ಷದ ನಂತರ, 1870ರಲ್ಲಿ, 304ಎ ಎಂಬ ಕಲಮು ಸೇರಿತು. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಒಬ್ಬರ ಸಾವಿಗೆ ಕಾರಣರಾದವರಿಗೆ ಅದರಲ್ಲಿ ಹೆಚ್ಚೆಂದರೆ ಎರಡು ವರ್ಷ ಸಜೆ. ಕನಿಷ್ಠ ಎಂಬುದೇ ಇಲ್ಲ. ಜಾಮೀನು ಆರೋಪಿಯ ಹಕ್ಕು. ಆಗ ಬೀದಿಯಲ್ಲಿದ್ದದ್ದು ಎತ್ತಿನ ಗಾಡಿ, ಕುದುರೆ ಗಾಡಿ. ಮುಂದೆ ಮೋಟಾರು ಬಂದರೂ ರಸ್ತೆಯ ಸಾವುಗಳೆಲ್ಲ ಇದೇ ಕಲಮಿನ ಕೆಳಗೆ ಬಂದು ಸೇರಿದವು. ಕುಡಿಯದೆ ಒಂದು ಗಳಿಗೆ ಮೈಮರೆತವನಿಗೂ, ಮೂರು ಪಾಲು ಹೆಚ್ಚು ಕುಡಿದು ಕೀಲಿಕೈ ತಿರುಗಿಸಿದವನಿಗೂ ಒಂದೇ ಕಲಮು.

ಪಕ್ಕದಲ್ಲೇ ಇನ್ನೊಂದು ಬಾಗಿಲಿತ್ತು: 304ನೇ ಕಲಮಿನ ಎರಡನೇ ಭಾಗ. ಕೊಲ್ಲುವ ಉದ್ದೇಶವಿಲ್ಲದಿದ್ದರೂ, ತನ್ನ ಕೆಲಸದಿಂದ ಸಾವು ಸಂಭವಿಸಬಹುದೆಂಬ ಅರಿವಿದ್ದೇ ಅದನ್ನು ಮಾಡಿದವನಿಗೆ ಹತ್ತು ವರ್ಷದವರೆಗೂ ಸಜೆ. ಕುಡಿದು ಕಾರು ಓಡಿಸಿ ಕೊಂದವರ ವಿರುದ್ಧ ಈ ದೇಶದಲ್ಲಿ ನಡೆದ ದೊಡ್ಡ ಮೊಕದ್ದಮೆಗಳ ಜಗಳವೆಲ್ಲ ಈ ಎರಡು ಮಾತುಗಳ ನಡುವೆಯೇ: ನಿರ್ಲಕ್ಷ್ಯವೋ, ಅರಿವೋ?

ಕಾರ್ಟರ್ ರೋಡ್ ತೀರ್ಪಿನ ಮೇಲೆ ಬಾಂಬೆ ಹೈಕೋರ್ಟ್ ತಾನೇ ನೋಟಿಸ್ ಹೊರಡಿಸಿತು, ಸರ್ಕಾರವೂ ಮೇಲ್ಮನವಿ ಹಾಕಿತು. 2007ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ‘ಅರಿವು’ ಇತ್ತೆಂದು ಹೇಳಿ ಮೂರು ವರ್ಷದ ಕಠಿಣ ಸಜೆ ವಿಧಿಸಿತು. 2012ರ ಜನವರಿ 12ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂಥ ಅಪರಾಧಕ್ಕೆ ಮೂರು ವರ್ಷ ತೀರಾ ಕಡಿಮೆ, ಆದರೆ ಹೆಚ್ಚಿಸಿ ಎಂದು ಸರ್ಕಾರ ನಮ್ಮ ಮುಂದೆ ಬಂದಿಲ್ಲ ಎಂದೂ ನ್ಯಾಯಮೂರ್ತಿಗಳು ಬರೆದರು.

ಸರ್ಕಾರ ಬಂದಿಲ್ಲ, ಸರಿ. ಸತ್ತವರ ಮನೆಯವರು? ಅವರು ಬರುವಂತೆಯೇ ಇರಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಆರೋಪಿ. ಮಗನನ್ನೋ ಗಂಡನನ್ನೋ ಕಳೆದುಕೊಂಡವರು ಹೆಚ್ಚೆಂದರೆ ಸಾಕ್ಷಿ. ಕೂಲಿಯವರಿಗಂತೂ ಒಂದೊಂದು ವಾಯಿದೆಯೂ ಒಂದು ದಿನದ ದುಡಿಮೆಯ ನಷ್ಟ.

ಈ ಅಸಹಾಯಕತೆ ಎಷ್ಟು ಉದ್ದ ಎಳೆಯಬಹುದೆಂಬುದಕ್ಕೆ ದೆಹಲಿಯ ಬಿಎಂಡಬ್ಲ್ಯು ಪ್ರಕರಣ ಸಾಕ್ಷಿ. 1999ರ ಜನವರಿ 10ರ ನಸುಕಿನಲ್ಲಿ ಲೋಧಿ ಕಾಲೊನಿಯ ಬಳಿ ಆರು ಜನ ಸತ್ತರು. ಅವರಲ್ಲಿ ಮೂವರು ರಾತ್ರಿ ಗಸ್ತಿನ ಪೊಲೀಸರು. ಸಾಕ್ಷಿಯೊಬ್ಬರ ಸುತ್ತ ನಡೆದ ಮಾತುಕತೆ 2007ರಲ್ಲಿ ಟಿವಿ ವಾಹಿನಿಯ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, ಆರೋಪಿಯ ಪರ ಹಿರಿಯ ವಕೀಲರೇ ನ್ಯಾಯಾಂಗ ನಿಂದನೆಯ ತಪ್ಪಿತಸ್ಥರಾದರು. 2008ರಲ್ಲಿ ಸೆಷನ್ಸ್ ನ್ಯಾಯಾಲಯ ‘ಅರಿವು’ ಎಂದು ಐದು ವರ್ಷ ಕೊಟ್ಟಿತು. 2009ರಲ್ಲಿ ಹೈಕೋರ್ಟ್ ‘ನಿರ್ಲಕ್ಷ್ಯ’ ಎಂದು ಎರಡಕ್ಕೆ ಇಳಿಸಿತು. 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ‘ಅರಿವು’ ಎಂದಿತು. ಆದರೆ ಆಗಲೇ ಅನುಭವಿಸಿದ ಸಜೆಯೇ ಸಾಕು, 50 ಲಕ್ಷ ರೂಪಾಯಿ ಕಟ್ಟಲಿ, ಎರಡು ವರ್ಷ ಸಮುದಾಯ ಸೇವೆ ಮಾಡಲಿ ಎಂದು ಮುಗಿಸಿತು. ಸತ್ತವರ ಮನೆಯವರಿಗೆ ಹದಿಮೂರು ವರ್ಷದ ಬಳಿಕ ಸಿಕ್ಕಿದ್ದು ಅಪರಾಧಕ್ಕೆ ಸರಿಯಾದ ಹೆಸರು.

ಅಷ್ಟರಲ್ಲಿ ಪರಿಹಾರವಾದರೂ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಬೇರೆ ನ್ಯಾಯಾಲಯದಿಂದ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಲೆಕ್ಕವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಕ್ರಮಗೊಳಿಸಿತು. ಸತ್ತವರಿಗೆ ಇಪ್ಪತ್ತೈದರೊಳಗಿನ ವಯಸ್ಸಾಗಿದ್ದರೆ, ಸ್ವಂತ ಖರ್ಚು ಕಳೆದು ಉಳಿಯುವ ವರ್ಷದ ಆದಾಯವನ್ನು 18ರಿಂದ ಗುಣಿಸಬೇಕು. ಮದುವೆಯಾಗದವರಾದರೆ ಸಾಮಾನ್ಯವಾಗಿ ಅರ್ಧದಷ್ಟು ಸ್ವಂತ ಖರ್ಚೆಂದು ಕಳೆಯಬೇಕು. ಮನೆ ನಡೆಯಲು ಈ ಹಣ ಬೇಕೇ ಬೇಕು. ಆದರೆ ಅದನ್ನು ಬಹುಪಾಲು ಕಟ್ಟುವುದು ವಿಮಾ ಕಂಪನಿ. ಆ ರಾತ್ರಿ ಸ್ಟಿಯರಿಂಗ್ ಹಿಡಿದವನು ಏನು ಮಾಡಿದ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಮನೆಯವರಿಗೆ ಕಟಕಟೆಯ ಹತ್ತಿರ ಜಾಗ ಸಿಕ್ಕಿದ್ದು 2009ರ ಕೊನೆಯ ದಿನ, ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ ಜಾರಿಯಾದಾಗ. ‘ಸಂತ್ರಸ್ತ’ ಎಂಬ ಮಾತಿಗೆ ಅರ್ಥ ಬಂತು. ಸತ್ತವರ ವಾರಸುದಾರರೂ ಅದರಲ್ಲಿ ಸೇರಿದರು. ಆರೋಪಿ ಖುಲಾಸೆಯಾದರೆ, ಸಣ್ಣ ಅಪರಾಧದಲ್ಲಿ ಮಾತ್ರ ತಪ್ಪಿತಸ್ಥನಾದರೆ, ಪರಿಹಾರ ಸಾಲದಿದ್ದರೆ ಅವರೇ ಮೇಲ್ಮನವಿ ಹಾಕಬಹುದು. ಅಂದರೆ, 304ರ ಬದಲು 304ಎ ಎಂದು ತೀರ್ಪಾದರೆ ಇನ್ನು ಸರ್ಕಾರದ ದಾರಿ ಕಾಯಬೇಕಿಲ್ಲ. ಇದಕ್ಕೆ ನ್ಯಾಯಾಲಯದ ಮುಂಗಡ ಅನುಮತಿಯೂ ಬೇಡವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಕರ್ನಾಟಕದಿಂದ ಹೋದ ಹಲ್ಲೆ ಪ್ರಕರಣವೊಂದರಲ್ಲಿ. ಹಲ್ಲೆಗೊಳಗಾದವರು ಆ ವೇಳೆಗೆ ತೀರಿಕೊಂಡಿದ್ದರು. ಮೊಕದ್ದಮೆಯನ್ನು ಕೊನೆ ಮುಟ್ಟಿಸಿದವರು ಅವರ ವಾರಸುದಾರರು. ಒಂದು ಕೊರತೆ ಮಾತ್ರ ಉಳಿದಿದೆ: ಕಲಮು ಸರಿಯಿದ್ದು ಸಜೆ ಮಾತ್ರ ಕಡಿಮೆ ಎನಿಸಿದರೆ ಈ ಹಕ್ಕು ಒದಗುವುದಿಲ್ಲ.

ಹಕ್ಕು ಬಂದರೂ ಪುರಾವೆ ಬೇಕಲ್ಲ. ಕುಡಿದು ಓಡಿಸಿದ್ದಕ್ಕಾಗಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಹೊತ್ತು ಕಳೆದಂತೆ ರಕ್ತದ ಮದ್ಯಸಾರ ಇಳಿಯುತ್ತದೆ. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಕಾರಿಗೆ ಸಿಕ್ಕಿ ಸತ್ತಾಗ, ಓಡಿಸಿದ ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು; 300 ಪದದ ಪ್ರಬಂಧ ಬರೆಯಬೇಕೆಂಬ ಷರತ್ತು ದೇಶಕ್ಕೆಲ್ಲ ಗೊತ್ತಾಯಿತು. ಅದಕ್ಕಿಂತ ಗಂಭೀರವಾದದ್ದು ಬೇರೆ: ರಕ್ತದ ಮಾದರಿಯನ್ನೇ ಬದಲಾಯಿಸಿದರೆಂಬ ಆರೋಪದ ಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಪೊಲೀಸರು ಬಂಧಿಸಿದರು.

ಆರು ವಾರ ಕಳೆದು, ಜುಲೈ 1ರಂದು, ಭಾರತೀಯ ನ್ಯಾಯ ಸಂಹಿತೆ ಬಂತು. ನಿರ್ಲಕ್ಷ್ಯದ ಸಾವಿಗೆ ಸಜೆ ಎರಡರಿಂದ ಐದು ವರ್ಷಕ್ಕೆ ಏರಿತು. ಡಿಕ್ಕಿ ಹೊಡೆದು, ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷವೆಂದ ಉಪಕಲಮನ್ನು ಲಾರಿ ಚಾಲಕರ ಮುಷ್ಕರದ ಬಳಿಕ ಜಾರಿಯಾಗದಂತೆ ತಡೆದಿಡಲಾಯಿತು. ಅಂಕಿ ಬದಲಾಗಿದೆ, ಹಳೆಯ ಪ್ರಶ್ನೆ ಹಾಗೇ ಇದೆ. ಹೊಸ ಸಂಹಿತೆಯಲ್ಲೂ ‘ನಿರ್ಲಕ್ಷ್ಯ’ ಒಂದು ಕಲಮು, ‘ಅರಿವು’ ಇನ್ನೊಂದು.

ಹಾಗಾಗಿ ಇಂಥ ದುಃಖ ಎರಗಿದ ಮನೆಯವರು ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳು ಎರಡು. ರಕ್ತದ ಮಾದರಿ ಎಷ್ಟು ಗಂಟೆಗೆ ತೆಗೆದರು? ಎಫ್‌ಐಆರ್‌ನಲ್ಲಿ ಯಾವ ಕಲಮು ಬರೆದರು? ಹೆಣ ಮನೆಗೆ ಬರುವ ಮೊದಲೇ ಇದನ್ನು ಕೇಳುವಷ್ಟು ಗಟ್ಟಿತನ ಯಾರಿಗಿರುತ್ತದೆ? ಆ ಹೊತ್ತಿನಲ್ಲಿ ಅವರ ಪರವಾಗಿ ಕೇಳುವ ನೆಂಟರೋ ನೆರೆಯವರೋ ಒಬ್ಬರಿದ್ದರೆ, ಮುಂದಿನ ಹದಿಮೂರು ವರ್ಷದ ದಾರಿ ಸ್ವಲ್ಪವಾದರೂ ಹಗುರಾದೀತು.