ಕಾರಿನ ಪರದೆಗೆ ಇಳಿದ ಅಜ್ಜಿಯ ಸೋಬಾನೆ

2013ರಲ್ಲಿ ನಮ್ಮ ಭಾವ ಹಳೆಯ ಕಾರೊಂದನ್ನು ಕೊಂಡು, ಅದಕ್ಕೆ ಏಳಿಂಚು ಪರದೆಯ ಸ್ಟೀರಿಯೊ ಹಾಕಿಸಿದರು. ವಾರದೊಳಗೆ ಪೆನ್‌ಡ್ರೈವ್ ಹಿಡಿದು ಬಂದರು. "ಎಂತ ಮಾರಾಯ ಇದು, ಹಾಡು ಕೇಳ್ತದೆ, ಚಿತ್ರ ಬರೋದಿಲ್ಲ. ನೀನು ಪತ್ರಿಕೋದ್ಯಮ ಓದಿದವನಲ್ವಾ, ನೋಡು" ಅಂದರು. ಎಡಿಟಿಂಗ್ ಲ್ಯಾಬಿನಲ್ಲಿ ನಾಲ್ಕು ದಿನ ಕೂತ ತಪ್ಪಿಗೆ ಊರಿನ ಪೆನ್‌ಡ್ರೈವ್‌ಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದ ಕಾಲವದು.

ಹಾಡು ಬಂದು ಚಿತ್ರ ಬರದಿರುವುದಕ್ಕೆ ಒಂದು ಇತಿಹಾಸವಿದೆ. ವಿಡಿಯೊ ಫೈಲ್ ಎಂದರೆ ಒಂದು ಡಬ್ಬಿ. ಎವಿಐ, ಎಂಪಿ4, ಎಂಕೆವಿ ಎಂಬುವು ಡಬ್ಬಿಯ ಹೆಸರುಗಳು. ಒಳಗೆ ಚಿತ್ರವನ್ನು ಒತ್ತಿ ತುಂಬಿದ ವಿಧಾನವೇ ಬೇರೆ. ಅದಕ್ಕೆ ಕೋಡೆಕ್ ಎನ್ನುತ್ತಾರೆ. ಡಬ್ಬಿಯ ಹೆಸರು ತಿದ್ದಿದ ಮಾತ್ರಕ್ಕೆ ಒಳಗಿನ ಪದಾರ್ಥ ಬದಲಾಗುವುದಿಲ್ಲ.

1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತ, ಜೆವಿಸಿ ಕಂಪನಿಗಳು ಸೇರಿ ವಿಡಿಯೊ ಸಿಡಿಯನ್ನು ತಂದವು. ಅದರೊಳಗಿದ್ದದ್ದು ಎಂಪೆಗ್-1. ನಮ್ಮ ಟಿವಿಗಳಿಗೆ ಹೊಂದುವ ಸಿಡಿಯಲ್ಲಿ ಚಿತ್ರದ ಅಳತೆ 352×288 ಚುಕ್ಕಿ, ಒಂದು ಡಿಸ್ಕಿಗೆ 74 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ನೋಡುವಾಗ ನಡುವೆ ಎದ್ದು ಡಿಸ್ಕ್ ಬದಲಿಸುತ್ತಿದ್ದದ್ದು ಇದರಿಂದಲೇ. 1999ರ ಸುಮಾರಿಗೆ ಫ್ರಾನ್ಸಿನ ಜೆರೋಮ್ ರೋಟಾ ಮೈಕ್ರೋಸಾಫ್ಟಿನ ಎಂಪೆಗ್-4 ಕೋಡೆಕ್ಕನ್ನು ತಿದ್ದಿ ಡಿವ್‌ಎಕ್ಸ್ ಹೊರತಂದರು. ಆಗ ಇಡೀ ಸಿನಿಮಾ 700 ಎಂಬಿಯ ಒಂದೇ ಸಿಡಿಗೆ ಇಳಿಯಿತು. 2001ರಲ್ಲಿ ಅದರ ಮುಕ್ತ ದಾಯಾದಿ ಎಕ್ಸ್‌ವಿಡ್ ಬಂತು, 2003ರಲ್ಲಿ ಎಚ್.264.

ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿದರೆ ಹೊಸ ಕೋಡೆಕ್ ಅರ್ಥವಾಗುತ್ತದೆ. ಆದರೆ ಅಂದಿನ ಅಗ್ಗದ ಸ್ಟೀರಿಯೊದ ಚಿಪ್ ಕಾರ್ಖಾನೆಯಲ್ಲಿ ಕಲಿತಷ್ಟೇ. ಭಾವನ ಸ್ಟೀರಿಯೊಗೆ ಧ್ವನಿಯ ಎಂಪಿ3 ಗೊತ್ತಿತ್ತು, ಚಿತ್ರದ ಎಚ್.264 ಗೊತ್ತಿರಲಿಲ್ಲ. ಆ ಪೆಟ್ಟಿಗೆಗೆ ಪೆನ್‌ಡ್ರೈವ್ ಕೂಡ ಎಫ್‌ಎಟಿ32 ಆಗಿರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಹಾಗಾಗಿ ಕನ್ವರ್ಟ್ ಮಾಡುವುದೇ ದಾರಿ. ಉಚಿತ ಕನ್ವರ್ಟರುಗಳಲ್ಲಿ ಅನೇಕವುಗಳ ಹೊಟ್ಟೆಯೊಳಗೆ ಇರುವುದು 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ ಎಫ್‌ಎಫ್‌ಎಂಪೆಗ್.

ಸಿನಿಮಾಗಳನ್ನೆಲ್ಲ ಎಕ್ಸ್‌ವಿಡ್ ಮಾಡಿಕೊಟ್ಟೆ. ಭಾವನಿಗೆ ಖುಷಿಯಾಗಿ, ತಮ್ಮ ಮದುವೆಯ ಸಿಡಿಗಳನ್ನೂ ತಂದರು. 1997ರ ಮದುವೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಹಿಡಿದದ್ದನ್ನು ಪೇಟೆಯ ಸ್ಟುಡಿಯೊದವರು ಮುಂದೆ ಎರಡು ಸಿಡಿ ಮಾಡಿಕೊಟ್ಟಿದ್ದರು. ಮಲೆನಾಡಿನ ಮಳೆಗೆ ಬೂಷ್ಟು ಹಿಡಿದ ಕ್ಯಾಸೆಟ್ ಅಷ್ಟರಲ್ಲಿ ತಿಪ್ಪೆ ಸೇರಿತ್ತು. ಆ ವಿಡಿಯೊದಲ್ಲಿ ನಮ್ಮಜ್ಜಿ ಧಾರೆಯ ಹೊತ್ತಿಗೆ ಸೋಬಾನೆ ಹಾಡುತ್ತಾಳೆ.

2 ಜಿಬಿ ಪೆನ್‌ಡ್ರೈವಿನಲ್ಲಿ ಸಿನಿಮಾಗಳ ಜತೆ ಇದೂ ಹಿಡಿಯಬೇಕಿತ್ತು. ನಾನು ಅಳತೆಯನ್ನು 320×240ಕ್ಕೆ ಇಳಿಸಿ, ಬಿಟ್‌ರೇಟ್ ಕಡಿತ ಮಾಡಿದೆ. ಏಳಿಂಚಿನ ಪರದೆಯಲ್ಲಿ ಏನೂ ಕೊರತೆ ಕಾಣಲಿಲ್ಲ. ಕಾರು ನಿಲ್ಲಿಸಿ ಎಲ್ಲರೂ ನೋಡಿದೆವು. ಅಜ್ಜಿಯೂ ಹಿಂದಿನ ಸೀಟಿನಲ್ಲಿ ಕೂತು ತನ್ನ ಹಾಡು ತಾನೇ ಕೇಳಿ ನಾಚಿಕೊಂಡಳು. "ಇನ್ನೆಂತಕ್ಕೆ ಈ ಡಿಸ್ಕು" ಎಂದು ಭಾವ ಸಿಡಿಗಳನ್ನು ಹಕ್ಕಿ ಬೆದರಿಸಲು ಗದ್ದೆಯಲ್ಲಿ ಕಟ್ಟಿದರು. ನಾನೂ ಬೇಡ ಎನ್ನಲಿಲ್ಲ.

ಅಜ್ಜಿ 2016ರಲ್ಲಿ ಹೋದಳು. ಕಳೆದ ವರ್ಷ ಅಕ್ಕನ ಮಗಳ ಮದುವೆ. ಛತ್ರದ ದೊಡ್ಡ ಪರದೆಯಲ್ಲಿ ಅಜ್ಜಿಯ ಹಾಡು ಹಾಕೋಣವೆಂದು ಅದೇ ಫೈಲ್ ತೆರೆದೆವು. ಚೌಕ ಚೌಕವಾಗಿ ಒಡೆದ ಚಿತ್ರ. ಮುಖವೆಲ್ಲಿ, ಮೂಗುತಿಯೆಲ್ಲಿ ತಿಳಿಯಲಿಲ್ಲ. ಅಕ್ಕ ಸುಮ್ಮನೆ, "ದನಿಯಾದರೂ ಇದೆಯಲ್ಲ" ಅಂದಳು.

ಇಂಥ ಕನ್ವರ್ಟರುಗಳು ಕಣ್ಣಿಗೆ ಬೇಡವೆಂದು ತೋರಿದ್ದನ್ನು ಬಿಸಾಡಿಯೇ ಫೈಲನ್ನು ಚಿಕ್ಕದು ಮಾಡುವುದು. ಕ್ಯಾಸೆಟ್ಟಿನಿಂದ ಸಿಡಿಗೆ ಒಮ್ಮೆ ಬಿಸಾಡಿದ್ದರು, ಸಿಡಿಯಿಂದ ಪೆನ್‌ಡ್ರೈವಿಗೆ ನಾನು ಇನ್ನೊಮ್ಮೆ ಬಿಸಾಡಿದೆ. ಹಾಗೆ ಹೋದದ್ದನ್ನು ಯಾವ ತಂತ್ರಾಂಶವೂ ಹೆಕ್ಕಿ ತರಲಾರದು.

ಆ ಸ್ಟೀರಿಯೊ ಕೆಟ್ಟು, ಕಾರು ಮಾರಿಯೂ ಆಯಿತು. ಅದಕ್ಕೆಂದು ಮಾಡಿದ ನಕಲು ಮಾತ್ರ ಮನೆಯಲ್ಲಿ ಮೂಲವಾಗಿ ಉಳಿದಿದೆ. ನಿಮ್ಮ ಮನೆಯ ಕಪಾಟಿನಲ್ಲಿ ಇಂಥ ಡಿಸ್ಕುಗಳಿದ್ದರೆ ಮೊದಲು ಇದ್ದಂತೆಯೇ ಕಾಪಿ ಮಾಡಿ ಎರಡು ಕಡೆ ಇಡಿ. ಕಾರಿಗೆ ಬೇಕಾದ ಚಿಕ್ಕ ಫೈಲ್ ಆಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು.